ಕೆಡವದೆ ಉಳಿಸಿಕೊಂಡ ಐದು ಕೊಠಡಿ: ಮಲೆನಾಡಿನ ಒಂದು ಸರ್ಕಾರಿ ಶಾಲೆಯ ದುರಸ್ತಿ, ದುಡ್ಡು, ಫಲಿತಾಂಶ

ಹೆಂಚಿನ ಮಾಡು ಮೂರು ಮಳೆಗಾಲ ಕಂಡಿದೆ, ತಾರಸಿ ಎರಡು ಕಂಡಿದೆ. ಐದು ಕೊಠಡಿಗಳಲ್ಲಿ ಒಂದರಲ್ಲೂ ಬಕೆಟ್ ಇಟ್ಟಿಲ್ಲ. ಒಂದೇ ಮಳೆಗಾಲಕ್ಕೆ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ, ನಂಬಬೇಕಾಗಿಯೂ ಇರಲಿಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಊರಿನಲ್ಲಿ ಮೊದಲ ವರ್ಷ ಸೋರದ ದುರಸ್ತಿ ಬೇಕಾದಷ್ಟಿದೆ, ಎರಡನೇ ಆಷಾಢದಲ್ಲಿ ಅದರ ಬಣ್ಣ ಬಯಲಾಗುತ್ತದೆ.

ಒಂದರಿಂದ ಎಂಟರವರೆಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದು. ಹಳೆಯ ಹೆಂಚಿನ ಕೊಠಡಿ ಮೂರು, ಸರ್ವ ಶಿಕ್ಷಣ ಅಭಿಯಾನದ ಕಾಲದ ಆರ್‌ಸಿಸಿ ತಾರಸಿಯ ಕೊಠಡಿ ಎರಡು. 2022ರಲ್ಲಿ ದಾಖಲಾತಿ 94. ಹೆಂಚಿನ ಮೂರನ್ನು ಕೆಡವಿ ಹೊಸ ಕೊಠಡಿಗೆ ಅರ್ಜಿ ಹಾಕಿ ಎಂದು ಹೇಳದವರಿಲ್ಲ. ಹಳೇ ಮಾಡಿಗೆ ಸುರಿದ ದುಡ್ಡು ಹೊಳೆಗೆ ಸುರಿದ ಹಾಗೆ ಎಂದರು. ಹೊಸ ಕೊಠಡಿ ಒಂದಕ್ಕೆ ಆಗ ಹಾಕಿಸಿದ ಎಸ್ಟಿಮೇಟ್ 14 ಲಕ್ಷದ ಆಸುಪಾಸು ಬಂದಿತ್ತು. ಅದು ಮಂಜೂರಾಗುವುದು ಯಾವಾಗ ಎಂಬುದಕ್ಕೆ ಉತ್ತರ ಕೊಡುವವರು ಯಾರೂ ಇರಲಿಲ್ಲ. ಕೆಡವಿದ ಕೊಠಡಿ ಕೆಡವಿದ ದಿನವೇ ಲೆಕ್ಕದಿಂದ ಹೋಗುತ್ತದೆ. ಹೊಸದು ಬರುವ ತನಕ ಮಕ್ಕಳು ಜಗಲಿಯಲ್ಲಿ. ಈ ಒಂದೇ ಕಾರಣಕ್ಕೆ ಉಳಿಸಿಕೊಳ್ಳುವ ದಾರಿ ಹಿಡಿದದ್ದು. ಕೊನೆಗೆ ಪಾಗಾರ (ಕಾಂಪೌಂಡ್ ಗೋಡೆ), ಶೌಚಾಲಯ, ನೀರು ಎಲ್ಲ ಸೇರಿ ಮೂರು ವರ್ಷದಲ್ಲಿ ಖರ್ಚಾದದ್ದು ಎಂಟೂಮುಕ್ಕಾಲು ಲಕ್ಷ. ಒಂದು ಹೊಸ ಕೊಠಡಿಯ ಮೂರರಲ್ಲಿ ಎರಡು ಪಾಲಿನಷ್ಟೂ ಇಲ್ಲ.

ಎಲ್ಲ ಹಳೇ ಕಟ್ಟಡವನ್ನೂ ಉಳಿಸಬಹುದು ಎಂದು ಮಾತ್ರ ತಿಳಿಯಬೇಡಿ. ಮೊದಲು ಗೋಡೆ ನೋಡಬೇಕು. ನಮ್ಮದು ಜಂಬಿಟ್ಟಿಗೆ ಗೋಡೆ, ಒಂದೂವರೆ ಅಡಿ ದಪ್ಪ. ತೂಗುಗುಂಡು ಬಿಟ್ಟು ಪ್ರತಿ ಮೂಲೆಯನ್ನೂ ಅಳೆದೆವು. ಹತ್ತು ಅಡಿ ಎತ್ತರಕ್ಕೆ ಒಂದು ಇಂಚಿಗಿಂತ ಹೆಚ್ಚು ವಾಲಿದ್ದರೆ ಆಸೆ ಬಿಡಿ. ಬಿರುಕುಗಳ ಮೇಲೆ ತೆಳು ಗಾಜಿನ ಚೂರನ್ನು ಸಿಮೆಂಟಿನಿಂದ ಅಡ್ಡ ಅಂಟಿಸಿ, ದಿನಾಂಕ ಬರೆದು ಮೂರು ತಿಂಗಳು ಬಿಟ್ಟೆವು. ಗಾಜು ಒಡೆದರೆ ಅಡಿಪಾಯ ಇನ್ನೂ ಕೂರುತ್ತಿದೆ ಎಂದರ್ಥ. ಏಳು ಚೂರುಗಳಲ್ಲಿ ಒಂದು ಒಡೆಯಿತು. ಮೂಲೆಯ ಚರಂಡಿ ಒಡೆದು ನೀರು ಬುಡಕ್ಕೆ ಇಳಿಯುತ್ತಿದ್ದ ಜಾಗ ಅದು. ಚರಂಡಿಯನ್ನು ನಾಲ್ಕಡಿ ಹೊರಗೆ ಸರಿಸಿ, ಮತ್ತೆ ಗಾಜು ಅಂಟಿಸಿ, ಇನ್ನೂ ಮೂರು ತಿಂಗಳು ಕಾದೆವು. ಎರಡನೆಯದು ಒಡೆಯಲಿಲ್ಲ. ಆಮೇಲೆ ಎಂಜಿನಿಯರ್ ಕೈಯಲ್ಲಿ ಬರೆಸಿಕೊಂಡದ್ದು. ಈ ಬರಹ ಇಲ್ಲದೆ ಒಂದು ಹೆಂಚನ್ನೂ ಮುಟ್ಟಬೇಡಿ. ಮಕ್ಕಳ ತಲೆಯ ಮೇಲಿನ ಮಾಡು ಅದು.

ಕೆಲಸದ ಸರದಿಯಲ್ಲಿ ಹಟ ಹಿಡಿದೆವು: ಮೊದಲು ಮಾಡು, ಆಮೇಲೆ ನೀರು ಹೊರಹೋಗುವ ದಾರಿ, ಆಮೇಲೆ ಬೆಳಕು, ಶೌಚಾಲಯ, ಪಾಗಾರ, ಬಣ್ಣ ಕಟ್ಟಕಡೆಗೆ. ಸಾಮಾನ್ಯವಾಗಿ ಆಗುವುದು ಇದರ ತಿರುವುಮುರುವು. ದಾನಿಗಳಿಗೆ ಬಣ್ಣ ಕಾಣುತ್ತದೆ, ಸ್ವಾಗತ ಕಮಾನು ಕಾಣುತ್ತದೆ, ಹೆಂಚು ಹೊರುವ ರೀಪು ಕಾಣುವುದಿಲ್ಲ. ಸೋರುವ ಗೋಡೆಗೆ ಬಳಿದ ಬಣ್ಣ ಶ್ರಾವಣದೊಳಗೆ ಹಪ್ಪಳದ ಹಾಗೆ ಏಳುತ್ತದೆ. ಮೊದಲು ಬಂದ 40,000 ರೂಪಾಯಿ ಬಣ್ಣದ ಕೊಡುಗೆಯನ್ನು ಎರಡು ವರ್ಷ ತಡೆದು ಹಿಡಿದೆವು. ಕೊಟ್ಟವರು ಬೇಸರ ಮಾಡಿಕೊಂಡರು. ಎರಡು ವರ್ಷದ ನಂತರ ಒಣಗಿದ ಗೋಡೆಗೆ ಬಳಿದ ಬಣ್ಣ ಇವತ್ತಿಗೂ ಹಾಗೇ ಇದೆ.

ಹೆಂಚಿನ ಮಾಡಿನಲ್ಲಿ ನಾವು ಮಾಡಿದ ತಪ್ಪುಗಳನ್ನು ಮೊದಲು ಹೇಳಿಬಿಡಬೇಕು, ಎಲ್ಲ ಕಡೆ ಇವನ್ನೇ ಮಾಡುತ್ತಿದ್ದಾರೆ. ಒಂದು, ಹೆಂಚಿನ ಕೆಳಗೆ ಸಿಲ್ಪಾಲಿನ್ ಹಾಳೆ ಹೊದಿಸಿದ್ದು. ಮೊದಲ ವರ್ಷ ತಡೆಯಿತು. ಒಳಗಿನ ತೇವ ಹಾಳೆಗೆ ತಾಗಿ ಹನಿಯಾಗಿ ರೀಪಿಗೆ ಇಳಿಯಿತು, ಇಲಿ ಗೂಡು ಕಟ್ಟಿತು, ಎರಡನೇ ವರ್ಷ ಹರಿದು ಜೋತಾಡಿತು. 11,000 ರೂಪಾಯಿ ಹೋದದ್ದಲ್ಲದೆ ಒಳ್ಳೆಯ ರೀಪೂ ಕೊಳೆತವು. ಎರಡು, ಹೆಂಚಿನ ಸಂದಿಗೆ ಸಿಮೆಂಟ್ ಮೆತ್ತಿದ್ದು. ಹೆಂಚಿನ ಮಾಡು ಗಾಳಿಗೆ, ಬಿಸಿಲಿಗೆ ಸ್ವಲ್ಪ ಅಲುಗಾಡುತ್ತಲೇ ಇರುತ್ತದೆ. ಮೆತ್ತಿದ ಸಿಮೆಂಟ್ ಕೂದಲೆಳೆಯಷ್ಟು ಬಿಟ್ಟುಕೊಂಡರೂ ಅದೇ ಬಿರುಕು ನೀರನ್ನು ಒಳಗೆ ಹೀರುತ್ತದೆ, ಒಂದು ಹೆಂಚು ತೆಗೆಯಲು ಹೋದರೆ ನಾಲ್ಕು ಒಡೆಯುತ್ತವೆ. ಸಿಮೆಂಟ್ ಬೇಕಾದದ್ದು ನೆತ್ತಿಯ ಮೂಲೆಹೆಂಚಿಗೆ ಮಾತ್ರ, ಅದೂ ಸಿಮೆಂಟ್ ಕಡಿಮೆಯ ಬಡಕಲು ಗಾರೆ. ಮೂರು, ಜಗಲಿಗೆ ಹಾಕಿದ ತಗಡಿನ ಶೀಟ್. ಶೀಟ್ ಹಾಕಿ ಕೈ ತೊಳೆದುಕೊಳ್ಳಿ ಎಂಬ ಸಲಹೆ ಜೋರಾಗಿ ಬಂದಿತ್ತು. ಪರೀಕ್ಷೆಗೆಂದು ಜಗಲಿಗಷ್ಟೇ ಹಾಕಿ ನೋಡಿದೆವು. ಜುಲೈ ಮಳೆಯಲ್ಲಿ ಅದರ ಕೆಳಗೆ ನಿಂತು ಕೂಗಿದರೂ ಎರಡನೇ ಸಾಲಿಗೆ ಕೇಳಿಸುವುದಿಲ್ಲ, ಏಪ್ರಿಲ್‌ನಲ್ಲಿ ನಿಲ್ಲಲಾಗುವುದಿಲ್ಲ. ಪಾಠ ನಡೆಯುವ ಜಾಗಕ್ಕೆ ಶೀಟ್ ಬೇಡ ಎಂದು ಅಲ್ಲಿಗೆ ತೀರ್ಮಾನವಾಯಿತು. ಜಗಲಿಯಲ್ಲಿ ಈಗಲೂ ಇದೆ, ಚಪ್ಪಲಿ, ಕೊಡೆ ಇಡಲು.

ರೀಪಿನ ಕೆಳಗಿನ ಇಳಿಜಾರು ತೊಲೆಗಳು, ಅಂದರೆ ಪಕಾಸುಗಳು, ಒಟ್ಟು 40. ಮಧ್ಯದಲ್ಲೆಲ್ಲ ಗಟ್ಟಿ. 14ರ ಬುಡ ಮಾತ್ರ ಗೋಡೆ ಸೇರುವಲ್ಲಿ ಎರಡಡಿ ಒಳಗೆ ಒರಲೆ (ಗೆದ್ದಲು) ತಿಂದಿತ್ತು. ಪೂರ್ತಿ ಪಕಾಸು ಬದಲಿಸಿದರೆ ಮರದ ದುಡ್ಡೇ ಲಕ್ಷ ದಾಟುತ್ತಿತ್ತು. ಹಾಳಾದ ಮೂರಡಿ ಕತ್ತರಿಸಿ, ಹಳೇ ಮನೆಯ ಗಟ್ಟಿ ಮರದ ತುಂಡು ಜೋಡಿಸಿ, ಎರಡೂ ಪಕ್ಕಕ್ಕೆ 6 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ ಇಟ್ಟು, ಜೋಡಿನ ಎರಡೂ ಕಡೆ ಎರಡೆರಡರಂತೆ 12 ಮಿಲಿಮೀಟರ್ ಬೋಲ್ಟ್ ಹಾಕಿದೆವು. ನಟ್ಟಿನ ಕೆಳಗೆ ಅಗಲ ವಾಷರ್ ಇರಲೇಬೇಕು, ಇಲ್ಲದಿದ್ದರೆ ಮರಕ್ಕೆ ಹುಗಿದು ಸಡಿಲವಾಗುತ್ತದೆ. ಒರಲೆಯ ಮೂಲ ಗೋಡೆಯ ತೇವ. ಹಾಗಾಗಿ ಗೋಡೆಯ ತಲೆಯ ಮೇಲೆ ಒಂದು ಸಾಲು ಟಾರ್ ಶೀಟ್ ಹಾಸಿ ಅದರ ಮೇಲೆ ಮರ ಕೂರಿಸಿದೆವು. ಈ 900 ರೂಪಾಯಿಯ ಹಾಳೆಯನ್ನು ಐವತ್ತು ವರ್ಷದ ಹಿಂದೆ ಹಾಕಿದ್ದರೆ 14 ಪಕಾಸುಗಳು ಉಳಿಯುತ್ತಿದ್ದವು.

ರೀಪಿನ ಅಂತರದಲ್ಲಿ ದೊಡ್ಡ ಪೆಟ್ಟು ತಿಂದೆವು. ಮೊದಲ ಕೊಠಡಿಗೆ ಬಡಗಿಗಳು ರೂಢಿಯಂತೆ ಹನ್ನೆರಡೂವರೆ ಇಂಚು ಹಿಡಿದು ಸಾಲು ಹೊಡೆದರು. ಹೆಂಚು ಕೂರಲಿಲ್ಲ. ಹಳೇ ಮಂಗಳೂರು ಹೆಂಚು ಎಲ್ಲ ಒಂದೇ ಅಳತೆಯದಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯುದ್ದಕ್ಕೂ ಎಷ್ಟೋ ಕಾರ್ಖಾನೆಗಳು ಬಂದವು, ಅಚ್ಚು ಒಂದೊಂದರದು ಒಂದೊಂದು ಥರ. ಕಾಲಿಂಚು ವ್ಯತ್ಯಾಸವಿದ್ದರೂ ಹದಿನಾಲ್ಕು ಸಾಲಿಗೆ ಮೂರೂವರೆ ಇಂಚು. ಒಂದು ಕೊಠಡಿಯ ರೀಪು ಪೂರ್ತಿ ಕಿತ್ತು ಮತ್ತೆ ಹೊಡೆಸಿದೆವು, ಐದು ಆಳಿನ ಕೂಲಿ ಹೋಯಿತು. ಸರಿಯಾದ ಕ್ರಮ ಇದು: ಒಂದೇ ಮುದ್ರೆಯ ಹತ್ತು ಹೆಂಚುಗಳನ್ನು ಸಮ ನೆಲದ ಮೇಲೆ ಒಂದರ ತಲೆಗೆ ಒಂದರ ಬಾಲ ಕಚ್ಚಿಸಿ ಸಾಲಾಗಿ ಜೋಡಿಸಿ. ಎಲ್ಲವನ್ನೂ ಒತ್ತಿ, ಮೊದಲ ಹೆಂಚಿನ ತಲೆಯಿಂದ ಹತ್ತನೆಯದರ ತಲೆಯವರೆಗೆ ಅಳೆಯಿರಿ. ಕಚ್ಚು ಬಿಡದ ಹಾಗೆ ಎಳೆದು ಮತ್ತೆ ಅಳೆಯಿರಿ. ಎರಡರ ನಡುವಿನ ಅಳತೆ ಹಿಡಿದು ಒಂಬತ್ತರಿಂದ ಭಾಗಿಸಿ. ಅದೇ ರೀಪಿನ ಅಂತರ. ಒಂದು ಮಾಡಿನ ಒಂದು ಇಳಿಜಾರಿಗೆ ಒಂದೇ ಮುದ್ರೆಯ ಹೆಂಚು, ಮುದ್ರೆ ಬೆರೆಸಲೇಬಾರದು. ಒಂದು ಇಳಿಜಾರಿಗೆ ಒಂದು ಕಾರ್ಖಾನೆಯದು, ಎದುರಿನ ಇಳಿಜಾರಿಗೆ ಇನ್ನೊಂದರದು ಆದರೆ ತೊಂದರೆ ಇಲ್ಲ.

72 ಅಡಿ ಉದ್ದ, 20 ಅಡಿ ಅಗಲದ ಸಾಲು ಕೊಠಡಿಗೆ ಸೂರಂಚು ಸೇರಿ ಬೇಕಾದದ್ದು 3,100 ಹೆಂಚುಗಳ ಹತ್ತಿರ. ಇಳಿಸಿದ ಹಳೆಯದರಲ್ಲಿ 1,900 ಗಟ್ಟಿಯಿದ್ದವು. ಗಟ್ಟಿತನ ನೋಡುವುದು ಎಲ್ಲರಿಗೂ ಗೊತ್ತಿದೆ, ಬೆರಳ ಗಂಟಿನಿಂದ ತಟ್ಟಿದರೆ ಗಂಟೆಯ ನಾದ ಬರಬೇಕು. ಅದು ಸಾಲದು. ಪ್ರತಿ ನೂರರಲ್ಲಿ ಮೂರನ್ನು ಒಣಗಿಸಿ ತೂಗಿ, ಒಂದು ರಾತ್ರಿ ನೀರಲ್ಲಿಟ್ಟು ಮತ್ತೆ ತೂಗಿದೆವು. ಐದನೇ ಒಂದು ಭಾಗಕ್ಕಿಂತ ಹೆಚ್ಚು ತೂಕ ಏರಿದರೆ ಆ ರಾಶಿಯೇ ಬೇಡ. ನಾದ ಚೆನ್ನಾಗಿದ್ದೂ ನೀರು ಕುಡಿಯುವ ಹೆಂಚು ಇರುತ್ತದೆ, ಪಾಚಿ ಮೊದಲು ಕಟ್ಟುವುದು ಅದಕ್ಕೇ. ಬಾಕಿ 1,200 ಹೆಂಚುಗಳನ್ನು ತೀರ್ಥಹಳ್ಳಿ ಕಡೆ ಕೆಡವಿದ ಹಳೇ ಮನೆಗಳಿಂದ ಒಂದಕ್ಕೆ 14ರಿಂದ 16 ರೂಪಾಯಿಗೆ ಕೊಂಡೆವು. ಯಾವ ತಿಂಗಳು ಹೋದರೆ ಎಂಟಕ್ಕೆ ಸಿಗುತ್ತದೆ ಎಂಬುದು ಈಗ ಗೊತ್ತಾಗಿದೆ. ಅದನ್ನು ನಮ್ಮ ಅಡುಗೆಕೋಣೆಯ ಮಾಡು ಮುಗಿಯುವ ತನಕ ಹೇಳುವುದಿಲ್ಲ.

ಗಾಜಿನ ಹೆಂಚಿಗೆ ಪ್ರತ್ಯೇಕ ಗಮನ ಕೊಡಿ. ಮಲೆನಾಡಿನ ಜುಲೈ ಮಧ್ಯಾಹ್ನ ಹೆಂಚಿನ ಕೊಠಡಿಯೊಳಗೆ ಪುಸ್ತಕದ ಅಕ್ಷರ ಕಾಣುವುದಿಲ್ಲ, ಕರೆಂಟೂ ಇರುವುದಿಲ್ಲ. ಕೊಠಡಿಗೆ ಎಂಟರಂತೆ 24 ಹಾಕಿದೆವು. ಮೊದಲು ತಂದದ್ದು ಅಗ್ಗದ ಪ್ಲಾಸ್ಟಿಕ್‌ನದು, ಎರಡು ಬೇಸಿಗೆಗೆ ಹಳದಿಯಾಯಿತು. ಆಮೇಲೆ ನಿಜವಾದ ಗಾಜಿನದೇ, ಒಂದಕ್ಕೆ 180 ರೂಪಾಯಿ. ಉತ್ತರದ ಇಳಿಜಾರಿಗೆ ಹಾಕಬೇಕು. ದಕ್ಷಿಣಕ್ಕೆ ಹಾಕಿದರೆ ಚಳಿಗಾಲದ ಬಿಸಿಲು ನೇರ ಮಕ್ಕಳ ಕಣ್ಣಿಗೆ, ಕಪ್ಪುಹಲಗೆಗೆ ಹೊಡೆಯುತ್ತದೆ. ಎಂಟನ್ನೂ ಒಂದೇ ಕಡೆ ಗುಂಪು ಮಾಡದೆ ಎರಡು ಸಾಲಿಗೆ ಹಂಚಿ. 20 ವಾಟ್‌ನ ಎಲ್‌ಇಡಿ ಟ್ಯೂಬ್ ಕೊಠಡಿಗೆ ನಾಲ್ಕು ಇವೆ, ಹಗಲು ಹಾಕುವ ದಿನ ಕಡಿಮೆ.

ಮಾಡಿನ ನೀರು ಹಿಡಿಯುವ ಸೂರಂಚಿನ ದೋಣಿಗೆ ಆರಿಂಚಿನ ಪಿವಿಸಿ. ಮೊದಲ ಸಲ ನಾಲ್ಕಡಿಗೊಂದು ಕೊಕ್ಕೆ ಕೊಟ್ಟಿದ್ದರಿಂದ ಪಾಚಿ, ಎಲೆ, ನೀರಿನ ಭಾರಕ್ಕೆ ದೋಣಿ ಬಿಲ್ಲಿನಂತೆ ಬಾಗಿ ಮುರಿಯಿತು. ಈಗ ಎರಡಡಿಗೊಂದು ಕೊಕ್ಕೆ, 20 ಅಡಿಗೆ ಒಂದಿಂಚು ಇಳಿಜಾರು, ಎರಡೂ ತುದಿಗೆ ನಾಲ್ಕಿಂಚಿನ ಇಳಿಪೈಪು. ಮಾಡಿನ ಒಟ್ಟು ಖರ್ಚು ದೋಣಿಯೂ ಸೇರಿ 1.1 ಲಕ್ಷ. ಊರವರು ನಾಲ್ಕು ಭಾನುವಾರ ಹೆಂಚು ಇಳಿಸಿ, ತೊಳೆದು, ಏರಿಸಿಕೊಟ್ಟ ಶ್ರಮದಾನ ಇದರಲ್ಲಿ ಸೇರಿಲ್ಲ.

ಇನ್ನು ತಾರಸಿ. ಆರ್‌ಸಿಸಿ ಸೋರಿದರೆ ಎಲ್ಲರೂ ಮೊದಲು ಕೆಳಗಿನಿಂದ ಪ್ಲಾಸ್ಟರ್ ಬಳಿಯುತ್ತಾರೆ. ನಾವೂ 2022ರ ಮೇ ತಿಂಗಳಲ್ಲಿ ಹಾಗೇ ಮಾಡಿದೆವು, ಜೊತೆಗೆ ಮೇಲೊಂದು ಗಾರೆ ಪದರ. ಶಾಲೆ ಶುರುವಾಗುವುದರೊಳಗೆ ಮುಗಿಯಲಿ ಎಂಬ ಅವಸರ. ಬಿಸಿಲಿಗೆ ಗಾರೆ ಮೂರೇ ದಿನದಲ್ಲಿ ಜೇಡನ ಬಲೆಯಂತೆ ಸೀಳಿತು. ಆಗಸ್ಟ್‌ನಲ್ಲಿ ಒಳಗಿನ ಪ್ಲಾಸ್ಟರ್ ಕಳಚಿ ಬಿತ್ತು. ಮಧ್ಯಾಹ್ನದ ಊಟದ ಹೊತ್ತು, ಕೊಠಡಿ ಖಾಲಿ ಇತ್ತು. 38,000 ರೂಪಾಯಿ ನೀರುಪಾಲು.

ಎರಡನೇ ಸಲ ದೀಪಾವಳಿ ಕಳೆದ ಮೇಲೆ ಶುರು ಮಾಡಿದೆವು. ಮಳೆ ಇಲ್ಲ, ಬಿಸಿಲು ಎಳೆ, ಬಾವಿಯಲ್ಲಿ ನೀರಿದೆ. ತಾರಸಿ ಪೂರ್ತಿ ತೊಳೆದು, ಪೈಪಿನ ಬಾಯಿ ಮುಚ್ಚಿ ಒಂದಿಂಚು ನೀರು ನಿಲ್ಲಿಸಿ, ಮರುದಿನ ಬಾಯಿ ಬಿಟ್ಟೆವು. ನೀರು ಇಳಿದ ಮೇಲೂ ಎಲ್ಲೆಲ್ಲಿ ನಿಂತಿದೆಯೋ ಅಲ್ಲಿ ಸುತ್ತ ಸುಣ್ಣದ ಗೆರೆ. ಆಗ ಕಂಡದ್ದು: ಹೊರಹೋಗುವ ಪೈಪಿನ ಬಾಯಿಯೇ ತಾರಸಿಗಿಂತ ಒಂದಿಂಚು ಮೇಲಿದೆ. ಇಪ್ಪತ್ತು ವರ್ಷ ಪ್ರತಿ ಮಳೆಗೂ ಒಂದಿಂಚು ನೀರು ಹೊತ್ತು ನಿಂತ ಸ್ಲ್ಯಾಬ್ ಅದು. ಯಾವ ಕೆಮಿಕಲ್ ಬಳಿದರೂ ನಿಲ್ಲುತ್ತಿರಲಿಲ್ಲ. ಬಾಯಿ ಒಡೆದು ಕೆಳಗಿಳಿಸಿ ಎರಡಿದ್ದದ್ದನ್ನು ನಾಲ್ಕು ಮಾಡಿದೆವು, ನಾಲ್ಕೂ ನಾಲ್ಕಿಂಚಿನವು. ಬಡಿದಾಗ ಪೊಳ್ಳು ಸದ್ದು ಬಂದ ಹಳೇ ಗಾರೆಯೆಲ್ಲ ಕಿತ್ತು, ಸಿಮೆಂಟ್ ಹಾಲು ಬಳಿದು, 1:4 ಗಾರೆಗೆ ಚೀಲಕ್ಕೆ 200 ಮಿಲಿಲೀಟರ್ ವಾಟರ್‌ಪ್ರೂಫಿಂಗ್ ದ್ರವ ಬೆರೆಸಿ, ಎಂಟಡಿಗೆ ಒಂದಿಂಚು ಇಳಿಜಾರು ಕೊಟ್ಟೆವು. ಗೋಡೆ ಮತ್ತು ತಾರಸಿ ಕೂಡುವ ಮೂಲೆಗೆ ಉದ್ದಕ್ಕೂ ಎರಡಿಂಚಿನ ದುಂಡು ಅಂಚು. ಚಚ್ಚೌಕ ಮೂಲೆ ಬಿಟ್ಟರೆ ಬಿರುಕು ಶುರುವಾಗುವುದು ಅಲ್ಲಿಂದಲೇ. ಹತ್ತು ಅಡಿಗೊಂದು ಸಂದು ಬಿಟ್ಟು ಹಾಕಿದ್ದರಿಂದ ಬಲೆ ಬಿರುಕು ಬರಲಿಲ್ಲ. ಹತ್ತು ದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಒಣಗಿದ ಮೇಲೆ ಸಂದುಗಳಿಗೆ ಸೀಲಂಟ್ ತುಂಬಿ, ಎರಡು ಕೋಟ್ ಲೇಪ. ಮೂಲೆಗಳಲ್ಲಿ ಎರಡು ಕೋಟಿನ ನಡುವೆ ಫೈಬರ್ ಜಾಲರಿ.

ಕೆಳಗಿನ ಕೆಲಸ ಮೇಲಿನದು ಮುಗಿದು ಒಂದು ತಿಂಗಳು ಒಣಗಿದ ಮೇಲೆಯೇ. ಸರಳು ತುಕ್ಕು ಹಿಡಿದ ಕಡೆ ಅದರ ಮುಂಭಾಗ ಮಾತ್ರ ಬಿಡಿಸಿದರೆ ಸಾಲದು, ಹಿಂದಕ್ಕೂ ಬೆರಳು ಹೋಗುವಷ್ಟು ಕಾಂಕ್ರೀಟ್ ಬಿಡಿಸಬೇಕು. ಹಿಂದೆ ಉಳಿದ ತುಕ್ಕು ಉಬ್ಬಿ ಹೊಸ ಗಾರೆಯನ್ನೂ ದೂಡುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯನ್ನು ಅರ್ಧರ್ಧ ಇಂಚಿನ ಪದರದಲ್ಲಿ ಒತ್ತಿದೆವು. ಸರಳು ಕಾಲು ಭಾಗಕ್ಕಿಂತ ಹೆಚ್ಚು ಸವೆದಿದ್ದರೆ ಇದು ನಿಮ್ಮ ಕೆಲಸವಲ್ಲ, ಎಂಜಿನಿಯರ್ ನೋಡಬೇಕು. ನಮ್ಮಲ್ಲಿ ಒಂದು ಕಡೆ ಹಾಗಿತ್ತು, ಪಕ್ಕದಲ್ಲಿ ಹೊಸ ಸರಳು ಸೇರಿಸಿ ಕಟ್ಟಿಸಿದರು.

ಈಗ ದುಡ್ಡು. ಒಂದೇ ಬಾಗಿಲಲ್ಲಿ ನಿಂತು ಒಂಬತ್ತು ಲಕ್ಷ ಕೇಳಿದರೆ ವರ್ಷಗಟ್ಟಲೆ ನಿಂತೇ ಇರುತ್ತೀರಿ. ಯಾವ ನಿಧಿಗೆ ಯಾವ ಕೆಲಸ ಹೊಂದುತ್ತದೆ ಎಂದು ಕೆಲಸವನ್ನು ತುಂಡು ಮಾಡಿದ್ದರಿಂದ ಆಯಿತು. ಇದು ಆಗುವ ಮಾತಲ್ಲ, ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ ಎಂದವರೇ ಹೆಚ್ಚು. ಒಂದೇ ಕೆಲಸಕ್ಕೆ ಎರಡು ನಿಧಿ ಹಾಕಿದರೆ ಸಿಕ್ಕಿಬೀಳುತ್ತೇವೆ, ನಿಜ. ಒಂದೊಂದು ತುಂಡಿಗೂ ಒಂದೇ ನಿಧಿ, ಒಂದೇ ಕಡತ, ಕೆಲಸದ ಮೊದಲು, ನಡುವೆ, ನಂತರ ಒಂದೇ ಜಾಗದಲ್ಲಿ ನಿಂತು ತೆಗೆದ ಮೂರು ಫೋಟೊ. ಆಡಿಟ್ ಎರಡು ಸಲ ಬಂದು ಹೋಗಿದೆ, ಆಕ್ಷೇಪಣೆ ಇಲ್ಲ.

ಸಮಗ್ರ ಶಿಕ್ಷಣದ ಶಾಲಾ ಅನುದಾನ 31ರಿಂದ 100 ಮಕ್ಕಳವರೆಗೆ 25,000, 100 ದಾಟಿದರೆ 50,000. ಅದರಲ್ಲಿ ಹತ್ತನೇ ಒಂದು ಭಾಗ ಸ್ವಚ್ಛತೆಗೆ ಮೀಸಲು. ಮೂರು ವರ್ಷ ನಮಗೆ ಬಂದದ್ದು 25,000ದಂತೆ 75,000. ಇದು ದೋಣಿ, ಬಲ್ಬು, ಬೀಗ, ನಲ್ಲಿ, ಲೇಪದ ಡಬ್ಬಿಯ ದುಡ್ಡು. ಈಗ ಹಣ ಖಾತೆಯಲ್ಲಿ ಕೂರುವುದಿಲ್ಲ, ಖರ್ಚಿನ ಮಿತಿ ಮಾತ್ರ ಕಾಣುತ್ತದೆ. ಮಾರ್ಚ್ 31 ದಾಟಿದರೆ ಅದೂ ಮಾಯ. ಕೈಗೆ ನಗದು ಬರುವುದಿಲ್ಲವಾದ್ದರಿಂದ ಗಾರೆಯವರಿಗೆ, ಬಡಗಿಗೆ ಬ್ಯಾಂಕ್ ಖಾತೆ ಇರಲೇಬೇಕು. ಕೆಲಸಕ್ಕೆ ಕರೆಯುವ ಮೊದಲೇ ಪಾಸ್‌ಬುಕ್ ಪ್ರತಿ ತರಿಸಿ, ವೆಂಡರ್ ನೋಂದಣಿಗೆ ಎರಡು ವಾರ ಇಟ್ಟುಕೊಳ್ಳಿ.

ಗ್ರಾಮ ಪಂಚಾಯಿತಿಯ 15ನೇ ಹಣಕಾಸು ಆಯೋಗದ (2021-26) ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಶಾಲೆ ದುರಸ್ತಿ ಎಂದು ಅರ್ಜಿ ಕೊಟ್ಟಾಗ ಎರಡು ಸಲ ವಾಪಸಾಯಿತು. ಶೌಚಾಲಯ, ನೀರಿನ ಟ್ಯಾಂಕ್, ಇಂಗುಗುಂಡಿ ಎಂದು ಬಿಡಿಸಿ ಬರೆದಾಗ 1.8 ಲಕ್ಷ ಬಂತು. ತಾಲ್ಲೂಕು ಪಂಚಾಯಿತಿಯ ದುರಸ್ತಿ ಲೆಕ್ಕದಲ್ಲಿ ತಾರಸಿಗೆ 1.5 ಲಕ್ಷ, ಜಿಎಸ್‌ಟಿ, 1 ಶೇಕಡಾ ಕಾರ್ಮಿಕ ಸೆಸ್ ಎಲ್ಲ ಕಳೆದು ಗಾರೆಗೆ ಬಿದ್ದದ್ದು 1.2 ಲಕ್ಷ. ಎಸ್ಟಿಮೇಟ್ ಹಾಕುವಾಗಲೇ ಈ ಕಡಿತ ಲೆಕ್ಕಕ್ಕಿಟ್ಟುಕೊಳ್ಳದಿದ್ದರೆ ಕೊನೆಯ ಕೋಟ್ ಲೇಪಕ್ಕೆ ದುಡ್ಡಿರುವುದಿಲ್ಲ, ಉಳಿದದ್ದೆಲ್ಲ ವ್ಯರ್ಥ.

ಪಾಗಾರ ಮತ್ತು ಮೈದಾನ ನರೇಗಾದಲ್ಲಿ, 3.2 ಲಕ್ಷ. ಪಾಗಾರ ಒಂದನ್ನೇ ಕೇಳಿದರೆ ಸಾಮಗ್ರಿಯ ಪಾಲು ಏರಿ ಕೂಲಿ-ಸಾಮಗ್ರಿಯ 60:40ರ ಅನುಪಾತ ಕೆಡುತ್ತಿತ್ತು, ಪಿಡಿಒ ಒಪ್ಪುತ್ತಿರಲಿಲ್ಲ. ಕೂಲಿಯೇ ಹೆಚ್ಚಿರುವ ಮೈದಾನ ಸಮತಟ್ಟು, ಇಂಗುಗುಂಡಿ ಜೊತೆಗೆ ಸೇರಿಸಿ ಕೊಟ್ಟಾಗ ಒಪ್ಪಿದರು. ಅಕ್ಟೋಬರ್ 2ರಿಂದ ಶುರುವಾಗುತ್ತಿದ್ದ ಗ್ರಾಮಸಭೆಗಳಲ್ಲಿ ಮುಂದಿನ ವರ್ಷದ ಯೋಜನೆಗೆ ಹೆಸರು ಸೇರಿಸದಿದ್ದರೆ ಒಂದು ವರ್ಷ ಹೋಯಿತು. ನಮ್ಮದು ಹಾಗೇ ಹೋಯಿತು. 2023-24ರಲ್ಲಿ ಕೂಲಿ ದಿನಕ್ಕೆ 316 ರೂಪಾಯಿ. ಹೊರಗೆ ಅಡಿಕೆ ಕೊಯ್ಲಿನಲ್ಲಿ ಅದರ ಎರಡರಷ್ಟು ಸಿಗುವಾಗ ಆಳು ಬರುವುದಿಲ್ಲ. ಕೊಯ್ಲು ಮುಗಿದ ಮೇಲೆ, ಫೆಬ್ರುವರಿ ಕೊನೆಯಿಂದ ಏಪ್ರಿಲ್ ಒಳಗೆ ಇಟ್ಟುಕೊಳ್ಳಿ. ಹಾಜರಿ ಆ್ಯಪ್‌ನಲ್ಲಿ ದಿನಕ್ಕೆ ಎರಡು ಫೋಟೊ ಏರಬೇಕಿತ್ತು. ನೆಟ್‌ವರ್ಕ್ ಇಲ್ಲದೆ ಮೊದಲ ವಾರ ಎಂಟು ಆಳಿನ ಕೂಲಿ ತಪ್ಪಿತು. ಕೆಲಸದ ಜಾಗದಲ್ಲೇ ಫೋಟೊ ತೆಗೆದು, ಸಿಗ್ನಲ್ ಸಿಗುವ ಗುಡ್ಡಕ್ಕೆ ಹೋಗಿ ಅಪ್‌ಲೋಡ್ ಮಾಡಿದ ಮೇಲೆ ಸರಿಯಾಯಿತು. ಸಾಮಗ್ರಿ ಬಿಲ್ ಬರಲು ಏಳು ತಿಂಗಳು ಹಿಡಿಯಿತು. ಅಷ್ಟು ದಿನ ಸಾಲ ಕೊಡುವ ಅಂಗಡಿ ಮೊದಲೇ ಗೊತ್ತು ಮಾಡಿಕೊಳ್ಳದೆ ಕಲ್ಲು ಇಳಿಸಬೇಡಿ.

ಉಳಿದ 1.5 ಲಕ್ಷ ಹಳೇ ವಿದ್ಯಾರ್ಥಿಗಳದು, ಊರವರದು. ದೇಣಿಗೆ ಕೊಡಿ ಎಂದು ಹೋದಾಗ ಬಂದದ್ದು 22,000. ಆಮೇಲೆ ಪಟ್ಟಿ ಹಿಡಿದು ಹೋದೆವು: ಹೆಂಚು ಒಂದಕ್ಕೆ 16, ಗಾಜಿನ ಹೆಂಚಿಗೆ 180, ಸಿಮೆಂಟ್ ಚೀಲಕ್ಕೆ 400, ಪಕಾಸಿನ ಜೋಡು ಒಂದಕ್ಕೆ 1,100. ಬೆಂಗಳೂರಿನಲ್ಲಿರುವವರು ಫೋನಿನಲ್ಲೇ ನೂರು ಹೆಂಚು ನನ್ನದು ಎಂದರು. ಬೀಡಿ ಕಟ್ಟುವ ಒಬ್ಬ ತಾಯಿ ಐದು ಹೆಂಚಿನ ದುಡ್ಡು ತಂದುಕೊಟ್ಟರು, ರಸೀದಿ ಕೇಳಿ ಪಡೆದರು. ಹಣ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಜಂಟಿ ಖಾತೆಗೆ ಮಾತ್ರ, ಪ್ರತಿ ತಿಂಗಳ ಮೊದಲ ಸೋಮವಾರ ಜಮಾ-ಖರ್ಚು ಕಪ್ಪುಹಲಗೆಯ ಮೇಲೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ಒಂದು ವರ್ಷ ಅಲೆದದ್ದು ವ್ಯರ್ಥ. 2021ರ ಏಪ್ರಿಲ್‌ನಿಂದ ಆ ಹಣ ಪಡೆದು ಕೆಲಸ ಮಾಡಿಸುವ ಸಂಸ್ಥೆಗೆ ಸಿಎಸ್‌ಆರ್-1 ನೋಂದಣಿ ಬೇಕು, ಎಸ್‌ಡಿಎಂಸಿಗೆ ಅದಿಲ್ಲ. ಹಣ ಕೇಳಬೇಡಿ, ವಸ್ತು ಕೇಳಿ. ಹಾಗೆ ಕೇಳಿದ ಮೇಲೆ ಆರು ಲ್ಯಾಪ್‌ಟಾಪ್ ಬಂದವು.

ಜಾಗದ ದಾಖಲೆಯಲ್ಲಿ ಕಳೆದುಕೊಂಡದ್ದು ಹದಿನಾಲ್ಕು ತಿಂಗಳು. ಶಾಲೆ ನಿಂತಿರುವ ನೆಲವನ್ನು ಹಿಂದಿನವರು ಬಾಯಿಮಾತಿನಲ್ಲಿ ಕೊಟ್ಟದ್ದು, ಪಹಣಿ ಇನ್ನೂ ಅವರ ಹೆಸರಿನಲ್ಲೇ. ದೊಡ್ಡ ಅನುದಾನ ಯಾವುದಕ್ಕೂ ಇದು ಅಡ್ಡ ಬರುತ್ತದೆ. ಹದ್ದುಬಸ್ತು ಮಾಡಿಸಿ, ವಾರಸುದಾರರೆಲ್ಲರ ಸಹಿ ಹಾಕಿಸಿ, ದಾನಪತ್ರವನ್ನು ಇಲಾಖೆಯ ಹೆಸರಿಗೆ ನೋಂದಾಯಿಸಿ, ಖಾತೆ ಬದಲಾಯಿಸಬೇಕು. ಮುಂಬೈಯಲ್ಲಿದ್ದ ಒಬ್ಬ ವಾರಸುದಾರರ ಸಹಿಗೇ ಐದು ತಿಂಗಳು. ಇದನ್ನು ಮೊದಲ ದಿನವೇ ಶುರು ಮಾಡಿ, ಉಳಿದ ಕೆಲಸ ಪಕ್ಕದಲ್ಲಿ ನಡೆಯಲಿ. ಹಾಗೇ ಶಾಲೆಗಳ ವಾರ್ಷಿಕ ಮಾಹಿತಿಯ ಯು-ಡೈಸ್ ನಮೂನೆಯಲ್ಲಿ ಕೊಠಡಿಗಳನ್ನು ಸುಸ್ಥಿತಿ, ಸಣ್ಣ ದುರಸ್ತಿ, ದೊಡ್ಡ ದುರಸ್ತಿ ಎಂದು ವಿಂಗಡಿಸುವ ಕಲಂ ಇದೆ. ಹಿಂದಿನ ಎಷ್ಟೋ ವರ್ಷ ಐದೂ ಸುಸ್ಥಿತಿ ಎಂದೇ ತುಂಬಲಾಗಿತ್ತು. ಸುಸ್ಥಿತಿಯ ಕೊಠಡಿಗೆ ಯಾರು ದುರಸ್ತಿ ಹಣ ಕೊಡುತ್ತಾರೆ?

ಶೌಚಾಲಯದ ಬಗ್ಗೆ ಚಿಕ್ಕದಾಗಿ. 40 ಮಕ್ಕಳಿಗೆ ಒಂದು ಕಕ್ಕಸು, ಮೂರು ಮೂತ್ರದ ಬಟ್ಟಲು ಎಂಬ ಲೆಕ್ಕ ಇದೆ. ಅಷ್ಟು ಕಟ್ಟಿಯೂ ಬೀಗ ಬೀಳುವುದು ನೀರಿಲ್ಲದ್ದಕ್ಕೆ. ಇಲ್ಲೊಂದು ಪ್ರಯೋಗ ಮಾಡಿದೆವು. ಹೆಂಚಿನ ಮಾಡಿನ ಒಂದು ಇಳಿಜಾರು 85 ಚದರ ಮೀಟರ್, ಅಂದರೆ ಒಂದು ಮಿಲಿಮೀಟರ್ ಮಳೆಗೆ 85 ಲೀಟರ್. 12 ಮಿಲಿಮೀಟರ್ ಬಿದ್ದರೆ ಸಾವಿರ ಲೀಟರಿನ ಟ್ಯಾಂಕ್ ತುಂಬಿತು. ದೋಣಿಯ ಒಂದು ತುದಿಯನ್ನು ಶೌಚಾಲಯದ ಟ್ಯಾಂಕಿಗೆ ತಿರುಗಿಸಿ, ಮೊದಲ ಕೊಳೆನೀರು ಹೋಗಲು ತುದಿ ಮುಚ್ಚಿದ ಆರಡಿ ಕುರುಡು ಪೈಪು ಬಿಟ್ಟೆವು. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಶೌಚಾಲಯಕ್ಕೆ ಬೋರ್‌ವೆಲ್ ಮುಟ್ಟಿಲ್ಲ. ಕುಡಿಯಲು ಈ ನೀರು ಬೇಡ. ಒತ್ತು ನಲ್ಲಿ ಹಾಕಬೇಡಿ, ಆರೇ ವಾರ; ಕಾಲು ಸುತ್ತು ತಿರುಗಿಸುವ ಹಿತ್ತಾಳೆಯ ನಲ್ಲಿಯೇ ಗಟ್ಟಿ. ಬಾಗಿಲಿನ ಕೆಳಗೆ ಮೂರಿಂಚು ಬಿಡಿ, ಕೊಳೆಯುವುದಿಲ್ಲ.

ಇಷ್ಟೆಲ್ಲ ಮಾಡಿದ್ದು ಕಟ್ಟಡಕ್ಕಾಗಿ ಅಲ್ಲ. ಮಳೆಗಾಲದಲ್ಲಿ ಹೆಂಚಿನ ಮೂರು ಕೊಠಡಿಯ ಮಕ್ಕಳನ್ನು ಆರ್‌ಸಿಸಿ ಕೊಠಡಿಗೆ ತುಂಬಿ ಪಾಠ ಕೆಟ್ಟ ದಿನಗಳನ್ನು 2022ರಲ್ಲಿ ಹಾಜರಿ ಪುಸ್ತಕದ ಹಿಂದೆ ಗುರುತು ಮಾಡಿದ್ದೆವು: ಸುಮಾರು 35. ನಲಿ-ಕಲಿಯ ಚಿಕ್ಕ ತರಗತಿಯವರು ನೆಲದ ಮೇಲೆ ಕೂರುವವರು, ನೆಲ ಒದ್ದೆಯಾದರೆ ಆ ದಿನ ಮುಗಿಯಿತು. ಎಂಟನೇ ತರಗತಿಗೆ ಈ 35 ದಿನ ಬೀಳುತ್ತಿದ್ದದ್ದು ಎನ್‌ಎಂಎಂಎಸ್ (ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆ) ತಯಾರಿ ಶುರುವಾಗಬೇಕಾದ ಜೂನ್, ಜುಲೈ ತಿಂಗಳಿಗೇ. ಆ ವರ್ಷ 12 ಮಕ್ಕಳಲ್ಲಿ ಒಬ್ಬರೂ ಆಯ್ಕೆಯಾಗಲಿಲ್ಲ. ಮರುವರ್ಷ 13ರಲ್ಲಿ ಇಬ್ಬರು, 2024-25ರಲ್ಲಿ 14ರಲ್ಲಿ ಐವರು. ನಮ್ಮ ಕ್ಲಸ್ಟರ್‌ನಲ್ಲಿ ಇಷ್ಟು ಚಿಕ್ಕ ಶಾಲೆಯಿಂದ ಐವರು ಹೋದದ್ದು ಇದೇ ಮೊದಲು, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇವೆ. ವರ್ಷಕ್ಕೆ 12,000ದಂತೆ ಒಂಬತ್ತರಿಂದ ಹನ್ನೆರಡರವರೆಗೆ ಒಬ್ಬ ಮಗುವಿಗೆ 48,000. ಏಳು ಮಕ್ಕಳು ಕೊನೆಯವರೆಗೆ ಉಳಿಸಿಕೊಂಡರೆ 3.36 ಲಕ್ಷ. ಮಾಡು, ತಾರಸಿ ಎರಡಕ್ಕೂ ಸೇರಿ ಹಾಕಿದ್ದಕ್ಕಿಂತ ಹೆಚ್ಚು ಊರಿನ ಮನೆಗಳಿಗೆ ಬರುತ್ತದೆ.

ಈ ಪರೀಕ್ಷೆಗೆ ಎರಡು ಪತ್ರಿಕೆ, ಪಾಠದ ವಿಷಯಗಳ ಸ್ಯಾಟ್ ಮತ್ತು ಮಾನಸಿಕ ಸಾಮರ್ಥ್ಯದ ಮ್ಯಾಟ್. ಮೊದಲ ವರ್ಷದ ತಪ್ಪು ಸ್ಯಾಟ್‌ಗೇ ಅಂಟಿಕೊಂಡದ್ದು. ವಿಜ್ಞಾನ 35, ಸಮಾಜ 35, ಗಣಿತ 20. ಇದು ಪಾಠದಲ್ಲಿ ಹೇಗೂ ಬರುತ್ತದೆ. ಮ್ಯಾಟ್‌ನ 90 ಪ್ರಶ್ನೆಗಳಿಗೆ 90 ನಿಮಿಷ, ಮಕ್ಕಳು ಕಂಡೇ ಇರದ ಬಗೆಯವು. ಈಗ ಜೂನ್‌ನಿಂದ ಸಂಜೆ ಒಂದು ಗಂಟೆ ಮ್ಯಾಟ್ ಮಾತ್ರ, ದಿನಕ್ಕೆ ಒಂದೇ ಬಗೆ: ಇಂದು ಸರಣಿ, ನಾಳೆ ಕನ್ನಡಿ ಬಿಂಬ, ನಾಡಿದ್ದು ಸಂಕೇತ. ಅಕ್ಟೋಬರ್‌ನಿಂದ ವಾರಕ್ಕೊಂದು ಪೂರ್ಣ ಪರೀಕ್ಷೆ, ಓಎಂಆರ್ ಹಾಳೆಯಲ್ಲೇ. ಮೊದಲ ಅಣಕು ಪರೀಕ್ಷೆಯಲ್ಲಿ 13ರಲ್ಲಿ ಐದು ಮಕ್ಕಳು ಒಂದು ಸಾಲು ತಪ್ಪಿ ಬಣ್ಣ ತುಂಬಿದ್ದರು, ಉತ್ತರವೆಲ್ಲ ಸರಿ, ಅಂಕ ಸೊನ್ನೆಯ ಹತ್ತಿರ. ಪ್ರತಿ ಹತ್ತು ಪ್ರಶ್ನೆಗೆ ನಿಲ್ಲಿಸಿ ಸಂಖ್ಯೆ ಹೊಂದಿಸಿ ನೋಡುವ ಅಭ್ಯಾಸ ಹಿಡಿಸಿದೆವು. ಸರಣಿ ಪ್ರಶ್ನೆಗಳಿಗೆ ನಮ್ಮ ಗಣಿತದ ಶಿಕ್ಷಕಿ ಹುಣಸೆಬೀಜದ ಒಂದು ಆಟ ಕಟ್ಟಿದ್ದಾರೆ. ಅದು ಅವರ ಸ್ವಂತದ್ದು, ಬಂದು ಕೂತು ನೋಡಿದರೆ ಹೇಳಿಕೊಡುತ್ತಾರೆ.

ಆಯ್ಕೆಯಾದ ಮೇಲೆ ಕಳೆದುಕೊಳ್ಳುವುದೂ ಉಂಟು. ಸ್ಯಾಟ್ಸ್‌ನಲ್ಲಿರುವ (ರಾಜ್ಯದ ವಿದ್ಯಾರ್ಥಿ ದಾಖಲೆಯ ತಂತ್ರಾಂಶ) ಹೆಸರು, ಆಧಾರ್ ಹೆಸರು, ಬ್ಯಾಂಕ್ ಹೆಸರು ಮೂರೂ ಅಕ್ಷರಕ್ಕಕ್ಷರ ಒಂದೇ ಇರಬೇಕು. ಒಂದು ಇನಿಷಿಯಲ್ ಹಿಂದುಮುಂದಾಗಿ ಮೊದಲ ಕಂತು ನಿಂತಿತ್ತು. ಏಳನೇ ತರಗತಿಯಲ್ಲೇ ಸರಿಪಡಿಸಿ. ಏಳನೇ ತರಗತಿಯ ಶೇಕಡಾ 55, ಪರಿಶಿಷ್ಟರಿಗೆ 50 ಅಂಕವೂ ಆಗಲೇ ನೋಡಿಕೊಳ್ಳಬೇಕು. ಒಂಬತ್ತಕ್ಕೆ ಬೇರೆ ಪ್ರೌಢಶಾಲೆಗೆ ಹೋದ ಮೇಲೆ ಪ್ರತಿ ವರ್ಷದ ನವೀಕರಣವನ್ನು ಅಲ್ಲಿಯವರು ಮಾಡುತ್ತಾರೆ ಎಂದು ಬಿಟ್ಟುಬಿಡಬೇಡಿ, ಪೋರ್ಟಲ್ ತೆರೆದ ವಾರ ಮನೆಗೆ ಫೋನ್ ಹೋಗಲಿ.

ದಾಖಲಾತಿ ಈಗ 108. ನೂರು ದಾಟಿದ್ದರಿಂದ ಅನುದಾನ 50,000ಕ್ಕೆ ಏರಿದೆ. ಅದರಲ್ಲಿ ಅಡುಗೆಕೋಣೆಯ ದೋಣಿ, ಎರಡು ಕೊಠಡಿಯ ಅರ್ತಿಂಗ್ ಗುಂಡಿ ಈ ಮಾರ್ಚ್ ಒಳಗೆ ಮುಗಿಯಬೇಕು. ಎರಡನೇ ಕೊಠಡಿಯ ಒಂದು ಇಳಿಜಾರಿನಲ್ಲಿ ಮಂಗ ಹಾರಿ ಏಳು ಹೆಂಚು ಬಿರಿದಿವೆ. ಅದೇ ಮುದ್ರೆಯ ಅರವತ್ತು ಹೆಂಚುಗಳನ್ನು ಜಗಲಿಯ ಮೂಲೆಯಲ್ಲಿ ಒಟ್ಟಿಟ್ಟಿದ್ದೇವೆ, ಮೇ ಮೊದಲ ವಾರ ಏರುತ್ತವೆ.